ಒಲೆಗೂ ಒಂದು ಪಾಳಿ

ಹಿರಿಯ ಸೊಸೆಗೆ ಓರಗಿತ್ತಿಯ ಮೇಲಿದ್ದ ಹೊಟ್ಟೆಕಿಚ್ಚು ಇವತ್ತು ನಿನ್ನೆಯದಲ್ಲ. ಕಿರಿಯವಳು ನೂಲಿನ ಗಿರಣಿಗೆ ಹೋಗುವವಳು. ಎದೆಗೆ ಕಾರ್ಮಿಕ ಸಂಘದ ಕೆಂಪು ಬಿಲ್ಲೆ ಚುಚ್ಚಿಕೊಂಡು ಹೊರಟರೆ ಬೀದಿಯ ಗಂಡಸರೂ ಪಕ್ಕಕ್ಕೆ ಸರಿಯುವರು. ಹಿರಿಯವಳು ನಸುಕಿನಲ್ಲೆದ್ದು ಮೂರು ಊಟದ ಡಬ್ಬಿ ಕಟ್ಟಿ, ಇಬ್ಬರ ಮಕ್ಕಳನ್ನೂ ಸುಧಾರಿಸಿ, ಹತ್ತಿಯ ಧೂಳು ಮೆತ್ತಿದ ಓರಗಿತ್ತಿಯ ಬಟ್ಟೆಯನ್ನೂ ಒಗೆಯುವಳು. ಇಷ್ಟಾದರೂ ಯಾರಾದರೂ ಕೇಳಿದರೆ ಅತ್ತೆಯದು ಒಂದೇ ಮಾತು: "ಚಿಕ್ಕವಳು ಕೆಲಸಕ್ಕೆ ಹೋಗ್ತಾಳೆ. ದೊಡ್ಡವಳು ಸುಮ್ನೆ ಮನೇಲಿರ್ತಾಳೆ."

ಆ 'ಸುಮ್ನೆ' ಮುರಿದ ಮುಳ್ಳಿನಂತೆ ಒಳಗೇ ಕೂತಿತ್ತು.

ಒಂದು ದಿನ ಕಿರಿಯವಳು ಕಾಲು ನೋವೆಂದು ಗೊಣಗಿದಾಗ ಹಿರಿಯವಳು ಹಿಟ್ಟು ನಾದುತ್ತಲೇ ಅಂದಳು: "ನಿಂಗಾದ್ರೂ ಸೈರನ್ ಕೂಗಿದ್ರೆ ಬಿಡುಗಡೆ. ಗಿರಣಿಗೆ ಪಾಳಿ ಇದೆ ಕಣೇ, ಒಲೆಗೆಲ್ಲಿದೆ ಪಾಳಿ?"

ಕಿರಿಯವಳು ನಕ್ಕು ಕಾಲು ನೀವಿಕೊಂಡಳು.

ಭಾನುವಾರ ಸಂಘದ ಹೆಂಗಸರ ಸಭೆ. ಹಿರಿಯವಳು ಮಕ್ಕಳನ್ನು ಕಟ್ಟಿಕೊಂಡು ಹಿಂದೆ ನಿಂತಿದ್ದಳು. ಕಿರಿಯವಳು ಮೈಕಿನ ಮುಂದೆ ಗುಡುಗಿದಳು: "ಮಾಲೀಕ ನಮ್ಮ ದುಡಿಮೆ ಕದೀತಾನೆ. ಮನೆಯೊಳಗಿನ ದುಡಿಮೆಯನ್ನಂತೂ ಯಾರೂ ದುಡಿಮೆ ಅಂತಾನೇ ಅನ್ನಲ್ಲ. ಗಿರಣಿಗೆ ಪಾಳಿ ಇದೆ, ನಮ್ಮ ಒಲೆಗೆಲ್ಲಿದೆ ಪಾಳಿ?"

ಚಪ್ಪಾಳೆಗೆ ತಗಡಿನ ಸೂರು ನಡುಗಿತು. ಪಕ್ಕದಲ್ಲಿದ್ದ ದರ್ಜಿಯ ಹೆಂಡತಿ ಮೊಣಕೈ ತಿವಿದಳು. "ನಿಮ್ ಓರಗಿತ್ತಿ ಬಾಯಲ್ಲಿ ಮುತ್ತು ಉದುರ್ತಾವಲ್ರೀ!"

"ಮುತ್ತು ನಮ್ಮಡುಗೆಮನೇದು," ಎಂದು ಹಿರಿಯವಳು ಹಲ್ಲು ಕಚ್ಚಿದಳು. ನಮ್ಮ ಒಲೆಯಂತೆ! ಈ ಮನೆಗೆ ಬಂದು ಆರು ವರ್ಷವಾಯಿತು, ಬೆಂಕಿಪೊಟ್ಟಣ ಯಾವ ಗೂಡಿನಲ್ಲಿದೆಯೆಂದು ಇವಳಿಗೆ ಗೊತ್ತಿಲ್ಲ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅನ್ನುವುದು ಸುಳ್ಳಲ್ಲ.

ಮರುದಿನ ಸಂಜೆ ಕಿರಿಯವಳು ಹಸಿದು ಬಂದಾಗ ಒಲೆ ತಣ್ಣಗಿತ್ತು. ಮಕ್ಕಳಿಗೆ ತಿನ್ನಿಸಿಯಾಗಿತ್ತು. ಹಿರಿಯವಳು ಹೊಸ್ತಿಲಲ್ಲಿ ಕೂತು ನಿಧಾನವಾಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದಳು.

"ಅಕ್ಕಾ, ಊಟ?"

"ನನ್ನ ಪಾಳಿ ಮೂರಕ್ಕೇ ಮುಗೀತು."

"ಅಯ್ಯೋ, ಅದು ಭಾಷಣ ಅಕ್ಕಾ!"

"ಭಾಷಣ ನಿಂದು, ಮಾತು ನಂದು. ಮಾಲೀಕ ಕದ್ರೆ ಕಳ್ಳ, ನೀನು ಕದ್ರೆ ನಾಯಕಿಯಾ?"

ಕಿರಿಯವಳ ಮುಖ ಎದೆಯ ಬಿಲ್ಲೆಗಿಂತ ಕೆಂಪಾಯಿತು. ಒಳಗೆ ಹೋಗಿ ಡಬ್ಬಗಳನ್ನೆಲ್ಲ ತಡಕಾಡಿ ಕೊನೆಗೆ ಕೂಗಿದಳು. "ಬೆಂಕಿಪೊಟ್ಟಣ ಎಲ್ಲಿಟ್ಟಿದ್ದೀಯಾ?"

"ಸಂಘದಲ್ಲಿ ಕೇಳು."

ಅಂದು ಕಿರಿಯವಳು ಬೇಯಿಸಿದ ಸೀದ ಅನ್ನವನ್ನು ಮನೆಮಂದಿಯೆಲ್ಲ ತುಟಿಪಿಟಕ್ಕೆನ್ನದೆ ಉಂಡರು. ಆಮೇಲೆ ಸಂಜೆಯ ಒಲೆ ಕಿರಿಯವಳದೂ ಮನೆಯ ಗಂಡಸರದೂ ಆಯಿತು. ಅತ್ತೆಯೂ ಈಗ ಬಂದವರಿಗೆ, "ನಮ್ಮ ದೊಡ್ಡವಳ ಪಾಳಿ ಮೂರಕ್ಕೆ ಮುಗಿಯುತ್ತೆ" ಅನ್ನುತ್ತಾಳೆ.

ಮುಂದಿನ ಸಭೆಯಲ್ಲಿ ಕಿರಿಯವಳು, "ಆ ಮಾತು ನಂದಲ್ಲ, ನಮ್ಮಕ್ಕಂದು. ನಾನು ಕದ್ದಿದ್ದೆ," ಎಂದು ಅವಳ ಕೈ ಹಿಡಿದು ವೇದಿಕೆಗೆ ಎಳೆದಳು. ಚಪ್ಪಾಳೆಯೇನೋ ಜೋರಾಗಿಯೇ ಬಿತ್ತು. ಆದರೆ ಅದರಲ್ಲಿ ಮಾತಿನ ಒಡತಿಗಿಂತ ಕದ್ದೆನೆಂದು ಒಪ್ಪಿಕೊಂಡವಳಿಗೇ ಒಂದು ಹಿಡಿ ಹೆಚ್ಚು ಬಿತ್ತೇನೋ ಎಂಬ ಅನುಮಾನ ಹಿರಿಯವಳಿಗೆ ಇವತ್ತಿಗೂ ಹೋಗಿಲ್ಲ.