ಕುಡುಕರಿಲ್ಲದ ಊರಿಗೆ ಗ್ರಾಂಟು

ಕಳೆದ ತಿಂಗಳು ನಮ್ಮೂರಿನಲ್ಲಿ ಒಬ್ಬ ಕುಡುಕನನ್ನು ಹುಡುಕಿ ಹುಡುಕಿ ನನ್ನ ಚಪ್ಪಲಿ ಸವೆಯಿತು.

ನಗಬೇಡಿ. ಸಂಜೆ ಸೇಂದಿ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಲು ಜಾಗ ಸಿಗುವುದಿಲ್ಲ, ಅದು ನಿಜ. ಆದರೆ ಕುಡುಕ ಎಂದು ಕಾಗದದ ಮೇಲೆ ಬರೆದುಕೊಳ್ಳಲು ಒಬ್ಬನಾದರೂ ಬೇಡವೇ?

ವಿಷಯ ಇಷ್ಟು. ಪಾನನಿರೋಧ ಹೋಯಿತು, ಅಂಗಡಿಗಳ ಹರಾಜಾಯಿತು, ಹೆಬ್ಬಾಳದ ಪಕ್ಕದ ನಮ್ಮ ಹಳ್ಳಿಗೂ ಒಂದು ಬಂತು. ಅದರ ಬೆನ್ನಿಗೇ, ಕುಡಿತದ ವಿರುದ್ಧ ಪ್ರಚಾರ ಮಾಡುವ ಊರುಗಳಿಗೆ ಸರ್ಕಾರದ ಗ್ರಾಂಟು ಸಿಗುತ್ತದೆ ಎಂಬ ಸುದ್ದಿಯೂ ಬಂತು. (ಒಂದು ಕೈ ಅಂಗಡಿಗೆ, ಇನ್ನೊಂದು ಕೈ ಪ್ರಚಾರಕ್ಕೆ. ಎರಡು ಕೈ ಇರುವುದು ಮತ್ತೇಕೆ?)

ಕೂಡಲೇ ಸಮಿತಿ ಹುಟ್ಟಿತು. ದ್ರಾಕ್ಷಿ ತೋಟದ ಮುನಿಶಾಮಣ್ಣನವರು ಅಧ್ಯಕ್ಷರು, ದಿನಸಿ ಅಂಗಡಿಯ ನಂಜುಂಡಶೆಟ್ಟರು ಖಜಾಂಚಿ. ಅಕ್ಷರ ದುಂಡಗಿದೆ ಎಂಬ ಒಂದೇ ಪಾಪಕ್ಕೆ ನಾನು ಸೆಕ್ರೆಟರಿ.

ಮೂರು ಮೀಟಿಂಗ್ ಆಯಿತು. ಮದುವೆ ಮನೆಯ ಸಾಮಾನಿನ ಪಟ್ಟಿಯಂತೆ ಬಜೆಟ್ ಬೆಳೆಯಿತು. ಒಂದು ಪೆಟ್ರೋಮ್ಯಾಕ್ಸ್, ಒಂದು ದೊಡ್ಡ ಜಮಖಾನ, ಹಾರ್ಮೋನಿಯಂ, ತಿಂಗಳಿಗೆರಡು ಹರಿಕಥೆ, ಒಂದು ವಾಲಿಬಾಲು, ಅದಕ್ಕೊಂದು ನೆಟ್ಟು.

“ವಾಲಿಬಾಲ್ ಯಾಕಣ್ಣ?” ಎಂದೆ.

“ಆಡೋರು ಕುಡಿಯಲ್ಲ ಕಣಯ್ಯ” ಎಂದರು ಮುನಿಶಾಮಣ್ಣ. ಅವರು ಎರಡನ್ನೂ ಒಟ್ಟಿಗೆ ಮಾಡುವ ನಮ್ಮ ಹುಡುಗರನ್ನು ನೋಡಿಲ್ಲ.

ಎಲ್ಲ ತುಂಬಿದ ಮೇಲೆ ಅರ್ಜಿಯಲ್ಲಿ ಒಂದು ಕಾಲಂ ಉಳಿಯಿತು: ಊರಿನಲ್ಲಿರುವ ಕುಡುಕರು, ಹೆಸರು ಸಹಿತ.

“ಸೊನ್ನೆ ಅಂತ ಬರಿ” ಎಂದರು ಮುನಿಶಾಮಣ್ಣ.

“ಸೊನ್ನೆ ಬರೆದರೆ ದುಡ್ಡು ಯಾಕೆ ಕೊಡ್ತಾರಣ್ಣ?”

“ಊರ ಮರ್ಯಾದೆ ಅಂತ ಒಂದೈತೆ. ಬರಿ.”

ಬರೆದೆ. ಸೊನ್ನೆಯೂ ದುಂಡಗೇ ಬಂತು. ಎಂಟು ದಿನಕ್ಕೆ ಅರ್ಜಿ ವಾಪಸ್ಸು. ಅದರ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸಾಲು: ಕುಡುಕರಿಲ್ಲದ ಊರಿಗೆ ಅಭಿನಂದನೆಗಳು, ಗ್ರಾಂಟಿನ ಅಗತ್ಯ ಕಂಡುಬರುವುದಿಲ್ಲ.

ಸತ್ತವರ ಹೆಸರು ಬರೆದುಬಿಡೋಣ, ಯಾರೂ ಜಗಳಕ್ಕೆ ಬರುವುದಿಲ್ಲ ಎಂದರು ಶೆಟ್ಟರು. ಸತ್ತವರು ಬರುವುದಿಲ್ಲ, ಅವರ ಮಕ್ಕಳು ದೊಣ್ಣೆ ಹಿಡಿದು ಬರುತ್ತಾರೆ ಎಂದೆ. ಹಾಗಾದರೆ ಬದುಕಿರುವವರನ್ನು ನೀನೇ ಹುಡುಕಿ ತಾ ಎಂದು ನನ್ನನ್ನು ಬೀದಿಗೆ ಬಿಟ್ಟರು.

ಹೋದ ಮನೆಯಲ್ಲೆಲ್ಲ ಒಂದೇ ಉತ್ತರ: ನಮ್ಮ ಮನೇಲಿಲ್ಲ, ಪಕ್ಕದ ಮನೇಲಿ ಕೇಳು. ಹಾಗೆ ಪಕ್ಕದ ಮನೆ, ಪಕ್ಕದ ಮನೆ ಎಂದು ಹೋಗಿ ಕೊನೆಗೆ ಹೊರಟ ಮನೆಗೇ ಬಂದು ನಿಂತೆ. ಒಬ್ಬರು ಕುಡಿಯುವುದು ಸೊಂಟ ನೋವಿಗೆ. ಇನ್ನೊಬ್ಬರು ನೆಂಟರು ಬಂದಾಗ ಮಾತ್ರ. (ಅವರ ಮನೆಗೆ ದಿನಾ ನೆಂಟರು.) ಮತ್ತೊಬ್ಬರು ನನ್ನ ಭುಜ ಹಿಡಿದು, ಬಿಡದೆ, “ಸೇಂದಿ ಮರದಿಂದ ಬರ್ತದೆ, ಮಾವಿನಹಣ್ಣೂ ಮರದಿಂದ್ಲೇ ಬರ್ತದೆ, ಅದನ್ನ ತಿನ್ನೋರ ಎಸ್ರೂ ಬರ್ಕೊತೀಯೇನೋ?” ಎಂದು ಕೇಳಿದರು. ಭುಜ ಬಿಟ್ಟಿದ್ದರೆ ಅವರು ಬೀಳುತ್ತಿದ್ದರು.

ಕೊನೆಯಲ್ಲಿ ಗೌರಕ್ಕನ ಮನೆ. ಅವಳ ಗಂಡ ಗಾರೆ ಕೆಲಸದವನು, ಗಂಗಾನಗರದಲ್ಲಿ ಏಳುತ್ತಿರುವ ಹೊಸ ಮನೆಗಳಿಗೆ ದಿನಾ ನಡೆದು ಹೋಗಿಬರುತ್ತಾನೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: “ನಮ್ಮೋರ್ನ ಬರ್ಕೊ, ಸೀನಪ್ಪ.”

ನನಗೆ ಪೆನ್ನಿನ ಕ್ಯಾಪು ಬಿಚ್ಚಲೂ ಮರೆತುಹೋಯಿತು. “ಹೆಸರು ಹೇಳಕ್ಕ.”

“ಎಸ್ರು ನಾನೆಂಗೆ ಏಳ್ಲಿ?”

ಊರಿಗೆಲ್ಲ ಹೆಸರು ಹೇಳಲು ಬಾಯಿದೆ, ಮನಸ್ಸಿಲ್ಲ. ಮನಸ್ಸಿರುವ ಒಬ್ಬಳಿಗೆ ಗಂಡನ ಹೆಸರು ಹೇಳಲು ಬಾಯಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, “ವಡೆ ಆರ ಆಕ್ತಾರಲ್ಲ, ಆ ದೇವ್ರ ಎಸ್ರು” ಎಂದಳು. ಅಂಜಿನಪ್ಪ ಎಂದು ಬರೆದುಕೊಂಡೆ.

“ಬರ್ಕೊಂಡ್ಮೇಲೆ ಏನ್ ಮಾಡ್ತೀರ?”

“ಹರಿಕಥೆ ಮಾಡಿಸ್ತೀವಿ. ರಾತ್ರಿ ಎಂಟಕ್ಕೆ.”

“ಎಂಟ್ಗಂಟೆಗೆ ಅವ್ರನ್ನ ನೀವೇ ಒತ್ಕೊಂಡ್ ಬಂದು ಕೂರಿಸ್ಬೇಕು. ಅಂಗಡಿ ಮುಂದೆ ಬರೋದು ಐದೂವರೆಗೆ. ಆಗ ಯಾರಾನ ಜತೇಲಿ ಮಾತಾಡ್ಕೊಂಡ್ ಬಂದ್ರೆ ಸಾಕು, ದಾಟ್ಬಿಡ್ತಾರೆ. ದಾಟಿದ್ಮೇಲೆ ಇಂದಕ್ಕೆ ಓಗೋರಲ್ಲ.” ಆಮೇಲೆ ದನಿ ತಗ್ಗಿಸಿದಳು. “ಬೆಳಿಗ್ಗೆ ಸಾರವೆ ಅತ್ತೋವಾಗ ಕೈ ನಡುಗ್ತದೆ. ಓದ್ ತಿಂಗ್ಳು ಜಾರಿ, ಅಗ್ಗ ಇಡ್ಕೊಂಡು ಉಳ್ಕೊಂಡ್ರು. ಇನ್ನೊಂದ್ಸಲಕ್ಕೆ ಅಗ್ಗ ಸಿಕ್ತದೋ ಇಲ್ವೋ.”

ಮೂರು ಮೀಟಿಂಗಿನಲ್ಲಿ ನಮಗೆ ಹೊಳೆಯದ ಯೋಜನೆ. ಅದೂ ಬಜೆಟ್ ಇಲ್ಲದೆ.

ನಾಲ್ಕನೇ ಮೀಟಿಂಗಿನಲ್ಲಿ ಅದನ್ನು ಮಂಡಿಸಿದೆ. ಮುನಿಶಾಮಣ್ಣ ಗಾಬರಿಯಾದರು. “ಐದೂವರೆಗೆ ಕಾರ್ಯಕ್ರಮ ಇಟ್ರೆ ಪೆಟ್ರೋಮ್ಯಾಕ್ಸ್ ಯಾಕಯ್ಯ ಬೇಕು? ಬಜೆಟ್ಟೇ ಬಿದ್ದೋಗ್ತದೆ.”

ಸರಿ, ಹರಿಕಥೆ ಎಂಟಕ್ಕೇ ಇರಲಿ, ಐದೂವರೆಗೆ ಅಂಜಿನಪ್ಪನ ಜೊತೆ ನಡೆಯುವವರು ಯಾರು ಎಂದೆ. ಅಧ್ಯಕ್ಷರಿಗೆ ಅದು ದ್ರಾಕ್ಷಿ ಬುಟ್ಟಿ ಲಾರಿಗೆ ಹಾಕುವ ಹೊತ್ತು. ಶೆಟ್ಟರಿಗೆ ಅಂಗಡಿಯಲ್ಲಿ ದೀಪ ಹಚ್ಚುವ ಹೊತ್ತು. ಇನ್ನೊಬ್ಬ ಸದಸ್ಯರು ಮಾತ್ರ ತುಂಬು ಮನಸ್ಸಿನಿಂದ, “ನಾನು ಆಗ ಸೇಂದಿ ಅಂಗಡೀಲೇ ಇರ್ತೀನಲ್ಲ, ಅವನು ಬಂದ್ರೆ ಬೈದು ಕಳಿಸ್ತೀನಿ” ಎಂದರು. ಒಂದೇ ಹೆಸರು ಕಳಿಸಿದರೆ ಗ್ರಾಂಟೂ ಇಲ್ಲ, ಮರ್ಯಾದೆಯೂ ಇಲ್ಲ ಎಂದು ಅಧ್ಯಕ್ಷರು ಅರ್ಜಿಯನ್ನು ಮಡಿಸಿಟ್ಟರು.

ಉಳಿದವನು ನಾನು. ಯಶವಂತಪುರದ ಮರದ ಡಿಪೋದಲ್ಲಿ ಬಿಲ್ಲು ಬರೆಯುವ ನನಗೆ ನಾಲ್ಕೂವರೆಗೆ ಬಿಡುಗಡೆ. ನನಗೊಂದು ಚಟವಿದೆ: ಯಾರನ್ನು ಕಂಡರೂ ಅವರ ದನಿ ಬಂದು ನನ್ನ ಗಂಟಲಿನಲ್ಲಿ ಕೂರುತ್ತದೆ. ಸ್ಕೂಲಿನಲ್ಲಿ ಇದಕ್ಕೆ ಏಟು ಸಿಕ್ಕಿದೆ. ಗ್ರಾಂಟು ಯಾರೂ ಕೊಟ್ಟಿಲ್ಲ.

ಮೊದಲ ದಿನ ಸೈಕಲ್ ತಳ್ಳಿಕೊಂಡು ಅಂಜಿನಪ್ಪನ ಪಕ್ಕ ನಡೆಯುತ್ತ ಮುನಿಶಾಮಣ್ಣನವರ ‘ಸೊನ್ನೆ ಅಂತ ಬರಿ’ ಹೇಳಿ ತೋರಿಸಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಲ್ಲುವಷ್ಟರಲ್ಲಿ ಅಂಗಡಿ ಹಿಂದೆ ಉಳಿದಿತ್ತು. ಎರಡನೇ ದಿನ ಶೆಟ್ಟರು. ಮೂರನೇ ದಿನ ಮಾವಿನಹಣ್ಣಿನವರು. ನಾಲ್ಕನೇ ದಿನದಿಂದ, “ಇವತ್ತು ಯಾರೋ ಸೀನಾ?” ಎಂದು ಅವನೇ ಕೇಳತೊಡಗಿದ.

ಏಳನೇ ದಿನ ನನ್ನ ಬಳಿ ಸರಕು ಮುಗಿದಿತ್ತು. ಜಾಣತನ ಜಾಸ್ತಿಯಾಗಿ ಅಂಜಿನಪ್ಪನನ್ನೇ ಮಾಡಿಬಿಟ್ಟೆ. ಬೆಳಗಿನ ಹೊತ್ತು ಒಂದು ಕೈಯಲ್ಲಿ ಗಾರೆ ಬಾಂಡಲಿ, ನಡುಗುವ ಇನ್ನೊಂದು ಕೈಯಲ್ಲಿ ಸಾರವೆಯ ಬೊಂಬು, ತಡಕಾಡುವ ಕಾಲು.

ಅವನು ನಗಲಿಲ್ಲ. ನೇರ ಸೇಂದಿ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತ.

ಗೌರಕ್ಕನಿಗೆ ಹೋಗಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. “ನಾಳೆನೂ ಓಗು” ಎಂದಳು, ಅಷ್ಟೇ.

ಹೋದೆ. ಕೆಲಸದ ಜಾಗದಲ್ಲಿ ಅಂಜಿನಪ್ಪ ಕೈಕಾಲು ತೊಳೆದು ನಿಂತಿದ್ದ. ಅರ್ಧ ದಾರಿ ಇಬ್ಬರೂ ಸುಮ್ಮನೆ ನಡೆದೆವು. ನನ್ನಂಥವನಿಗೆ ಅದಕ್ಕಿಂತ ಶಿಕ್ಷೆ ಬೇಕೇ?

“ನನ್ ಕೈ ಅಷ್ಟೊಂದು ನಡುಗ್ತದೇನೋ?” ಎಂದ ಕೊನೆಗೆ.

ಯಾರ ದನಿಯಲ್ಲಿ ಉತ್ತರ ಕೊಡುವುದೆಂದು ತಿಳಿಯಲಿಲ್ಲ. “ಹೂಂ ಅಣ್ಣ, ನಡುಗ್ತದೆ” ಎಂದೆ.

“ಇದು ಯಾರ ದನಿ?”

“ನಂದೇ.”

“ಮೊದಲ್ನೇ ಸಲ ಕೇಳ್ತಿರೋದು. ಅಷ್ಟೇನ್ ಚೆನ್ನಾಗಿಲ್ಲ” ಎಂದು ನಡೆದ. ಆ ದಿನ ಅಂಗಡಿಯನ್ನು ಯಾವಾಗ ದಾಟಿದೆವೋ ಇಬ್ಬರೂ ನೋಡಲಿಲ್ಲ.

ಇದನ್ನೆಲ್ಲ ಬರೆಯಲೇ ಎಂದು ಅವನನ್ನೇ ಕೇಳಿದೆ. “ಬರಿ, ಆದ್ರೆ ಕೈ ಈಗ ಸ್ವಲ್ಪ ಕಮ್ಮಿ ನಡುಗ್ತದೆ ಅಂತ್ಲೂ ಬರಿ” ಎಂದ. ಬರೆದಿದ್ದೇನೆ.

ನಾಳೆ ಶನಿವಾರ, ಹದಿನೈದು ದಿನಕ್ಕೊಮ್ಮೆ ಕೂಲಿ ಕೊಡುವ ಬಟವಾಡೆಯ ದಿನ. ಅಂಗಡಿಯ ಕಡೆಗೆ ಅವನನ್ನು ಕರೆಯಲು ಹತ್ತು ಜನ ಗಾರೆಯವರಿರುತ್ತಾರೆ, ಎಲ್ಲರೂ ಒಳ್ಳೆಯವರೇ. ಈ ಕಡೆ ಇರುವುದು ನಾನೊಬ್ಬ, ಅದೂ ಸ್ವಂತ ದನಿಯಲ್ಲಿ. ಐದೂವರೆಗೆ ಗಂಗಾನಗರದ ರಸ್ತೆಯಲ್ಲಿ ನಮ್ಮ ಜೊತೆ ನಾಲ್ಕು ಹೆಜ್ಜೆ ಹಾಕಲು ನಿಮ್ಮಲ್ಲಿ ಯಾರಿಗಾದರೂ ಬಿಡುವಿದೆಯೇ?