ಒಂದು ಚುಕ್ಕಿಯ ವೈರಿ

ಇಳಕಲ್ಲಿನ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿದ್ದ ವಿಜಯಮಹಾಂತೇಶನಿಗೆ ತಾನು ಕಲಾವಿದನೆಂಬುದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಗೊತ್ತಾಯಿತು. ಇಂಥದ್ದು ಕೆಲವರಿಗೆ ಬೇಗ ಗೊತ್ತಾಗುತ್ತದೆ, ಕೆಲವರಿಗೆ ತಡವಾಗಿ. ಬಹಳಷ್ಟು ಜನಕ್ಕೆ, ಅವರ ಮನೆಯವರ ಪುಣ್ಯ, ಗೊತ್ತೇ ಆಗುವುದಿಲ್ಲ. ಇವನಿಗೆ ಗೊತ್ತಾದದ್ದು ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಂದ ಮೂರನೆಯ ದಿನ. ನಾಲ್ಕನೆಯ ದಿನ ಹದಿನಾಲ್ಕು ಕಿಸೆಗಳ ಜಾಕೀಟು ಬಂತು. ಹದಿಮೂರು ಕಿಸೆಗಳಲ್ಲಿ ಏನೂ ಇರಲಿಲ್ಲ, ಒಂದರಲ್ಲಿ ಅಡಿಕೆಪುಡಿ ಇರುತ್ತಿತ್ತು.

ಅವನ ಕಲೆಯ ವಿಧಾನ ಸರಳವಾಗಿತ್ತು. ಭಾನುವಾರ ಮುಂಜಾನೆ ಹೆಂಡತಿ ಪದ್ಮಶ್ರೀಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹುನಗುಂದ, ಅಮೀನಗಡ ದಾಟಿ ಐಹೊಳೆಗೆ ಹೋಗುವುದು. ಯಾವುದಾದರೂ ಗುಡಿಯ ಕಂಬದ ಮುಂದೆ ಆಕೆಯನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಸೀರೆಯ ಸೆರಗನ್ನು ಹರಡಿಸುವುದು. ತೆಗೆಯುವುದು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಆಕಾಶಕ್ಕೆ ಬದನೆಕಾಯಿಯ ಬಣ್ಣ ಬಳಿಯುವುದು. ಮೊದಮೊದಲು ಆಕೆಯ ಮುಖವೂ ಬರುವಂತೆ ತೆಗೆದಿದ್ದ. ಆದರೆ ಆ ಮುಖದ ಮೇಲೆ "ಮುಗೀತೇನ್ರಿ, ಬಿಸಲ ನೆತ್ತಿಗೇರಾಕತ್ತೈತಿ" ಎಂಬುದು ಅಕ್ಷರ ಅಕ್ಷರವಾಗಿ ಓದಲು ಬರುತ್ತಿತ್ತು. ಅದಕ್ಕೇ ಬೆನ್ನು. ಎರಡು ವರ್ಷದಲ್ಲಿ ಪದ್ಮಶ್ರೀಯ ಬೆನ್ನು ಜಿಲ್ಲೆಗೆಲ್ಲ ಪರಿಚಯವಾಯಿತು, ಮುಖ ಮಾತ್ರ ಓಣಿ ದಾಟಲಿಲ್ಲ. ವಾಪಸು ಬರುವಾಗ ಅಮೀನಗಡದಲ್ಲಿ ಕರದಂಟು ಕೊಡಿಸುತ್ತಿದ್ದನೆಂಬ ಒಂದೇ ಕಾರಣಕ್ಕೆ ಆಕೆ ಕಲೆಯ ಸೇವೆಗೆ ಬರುತ್ತಿದ್ದಳು.

ಈ ಚಿತ್ರಗಳೆಲ್ಲ ಹೋಗಿ ಬೀಳುತ್ತಿದ್ದದ್ದು 'ಮಲಪ್ರಭಾ ಛಾಯಾ ಬಳಗ' ಎಂಬ ಆ್ಯಪಿನಲ್ಲಿ. ಬಾಗಲಕೋಟೆಯ ನಿವೃತ್ತ ಎಂಜಿನಿಯರ್ ರಾಚಪ್ಪನವರು ಅದನ್ನು ಶುರು ಮಾಡಿದ್ದರು. ಸದಸ್ಯರು ಫೋಟೋ ಹಾಕಬೇಕು, ಉಳಿದ ಸದಸ್ಯರು ಅದಕ್ಕೆ ಒಂದರಿಂದ ಐದರವರೆಗೆ ಚುಕ್ಕಿ ಒತ್ತಬೇಕು. ಐದು ಎಷ್ಟು ಬಂದವು, ಒಂದು ಎಷ್ಟು ಬಂದವು ಎಂಬುದು ಎಲ್ಲರಿಗೂ ಕಾಣುತ್ತದೆ. ಯಾರು ಎಷ್ಟು ಒತ್ತಿದರು ಎಂಬುದು ಮಾತ್ರ ಒತ್ತಿದವನ ಫೋನಿನಲ್ಲಷ್ಟೇ ಇರುತ್ತದೆ.

ಗುಟ್ಟಿನ ಈ ವ್ಯವಸ್ಥೆಯನ್ನು ಬಳಗದವರು ವಾರದೊಳಗೆ ಬಗೆಹರಿಸಿಕೊಂಡರು. ಒತ್ತಿದ ಕೂಡಲೇ "ಐದು ಹಾಕೀನ್ರಿ ಸರ್" ಎಂದು ಖಾಸಗಿಯಾಗಿ ಮೆಸೇಜು ಕಳಿಸುವುದು. ಕಳಿಸಿದವರ ಚಿತ್ರಕ್ಕೆ ಇವರು ಹೋಗಿ ಐದು ಒತ್ತುವುದು. ನಮ್ಮ ಮನೆಯ ಮದುವೆಗೆ ಖಣ ತಂದವರ ಮನೆಯ ಮದುವೆಗೆ ನಾವೂ ಖಣ ಒಯ್ಯುವುದಿಲ್ಲವೇ, ಹಾಗೆ. ಒಬ್ಬರು ಕಣ್ಣು ತಪ್ಪಿ ತಮ್ಮ ಚಪ್ಪಲಿಯ ಫೋಟೋ ಹಾಕಿದ್ದರು; ಅದಕ್ಕೂ ಆರು ಜನ ಐದೈದು ಒತ್ತಿ "ನೆಲದ ನಂಟು, ಅದ್ಭುತ" ಎಂದು ಬರೆದರು. ಯೋಗ್ಯತೆಗೆ ಮೀರಿ ಬಂದ ಐದು ಚುಕ್ಕಿಯನ್ನು ಅನ್ಯಾಯವೆಂದು ಯಾರೂ ರಾಚಪ್ಪನವರಿಗೆ ದೂರು ಕೊಟ್ಟದ್ದಿಲ್ಲ. ವಿಜಯಮಹಾಂತೇಶನೂ ಕೊಡಲಿಲ್ಲ. ಅನ್ಯಾಯವೆಂಬುದು ಜಗತ್ತಿನಲ್ಲಿ ಇದೆಯೆಂದು ಅವನಿಗೆ ತಿಳಿದದ್ದು ಒಂದು ಚುಕ್ಕಿ ಬಂದ ದಿನ.

ಅದು ಐಹೊಳೆಯ ದುರ್ಗದ ಗುಡಿಯ ಚಿತ್ರ. ಪದ್ಮಶ್ರೀ ಕೆಂಪು ಸೆರಗು ಹರಡಿ ನಿಂತಿದ್ದಳು, ಆಕಾಶ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಆರು ಜನರಿಂದ ಐದೈದು ಬಂದವು. ಏಳನೆಯದಾಗಿ ಒಂದು ಬಂತು. ಯಾರೋ ಕೈ ಜಾರಿ ಒತ್ತಿದ್ದಾರೆ ಎಂದುಕೊಂಡ. ಮುಂದಿನ ವಾರದ ಚಿತ್ರಕ್ಕೂ ಬಂತು. ಅದರ ಮುಂದಿನದಕ್ಕೂ ಬಂತು. ಹಳೆಯ ಚಿತ್ರಗಳನ್ನು ತೆರೆದು ನೋಡಿದರೆ ಯಾರೋ ಕುಳಿತು ಒಂದೊಂದಕ್ಕೂ ಒಂದೊಂದು ಚುಕ್ಕಿ ಒತ್ತಿಕೊಂಡು ಬಂದಿದ್ದರು.

ಬರೀ ಹೊಟ್ಟೆಯುರಿಯಾಗಿದ್ದರೆ ಮಜ್ಜಿಗೆ ಕುಡಿದು ಸುಮ್ಮನಾಗುತ್ತಿದ್ದ. ಆದರೆ ಆ ವರ್ಷ ಒಂದು ಪತ್ತಿನ ಸಂಘದವರು ಕ್ಯಾಲೆಂಡರಿಗೆ ಬಳಗದ ಹನ್ನೆರಡು ಚಿತ್ರಗಳನ್ನು ಕೇಳಿದ್ದರು. ಸರಾಸರಿ ನಾಲ್ಕೂವರೆ ಚುಕ್ಕಿ ದಾಟಿದವು ಮಾತ್ರ ಆಯ್ಕೆಗೆ ಹೋಗುತ್ತವೆಂದು ರಾಚಪ್ಪನವರು ನಿಯಮ ಮಾಡಿದ್ದರು. ದುರ್ಗದ ಗುಡಿಯ ಚಿತ್ರ ಜನವರಿ ತಿಂಗಳಿಗೇ ಬರುತ್ತದೆಂದು ವಿಜಯಮಹಾಂತೇಶ ಕಾಲೇಜಿನಲ್ಲಿ, ಓಣಿಯಲ್ಲಿ, ಶಿರೂರಿನ ಬೀಗರಲ್ಲಿ, ಕಟಿಂಗ್ ಅಂಗಡಿಯಲ್ಲಿ ಹೇಳಿ ಮುಗಿಸಿದ್ದ. ಶಿರೂರಿನ ಮಾವನವರಂತೂ ಪಡಸಾಲೆಯ ಗೋಡೆಗೆ ಮೊಳೆ ಹೊಡೆಸಿ, "ಆತೇನ್ರಿ ಮಾಂತೇಶಪ್ಪ, ಯಾವಾಗ ತರ್ತೀರಿ?" ಎಂದು ಫೋನು ಮಾಡುತ್ತಿದ್ದರು. ಇಲ್ಲಿ ನೋಡಿದರೆ ಆರು ಐದು ಮೂವತ್ತು, ಮೇಲೊಂದು ಮೂವತ್ತೊಂದು, ಏಳರಿಂದ ಭಾಗಿಸಿದರೆ ನಾಲ್ಕು ಪಾಯಿಂಟ್ ನಾಲ್ಕು. ಅವನು ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಉತ್ತರ ಬದಲಾಗಲಿಲ್ಲ.

"ರೀ, ಒಬ್ಬರಿಗೆ ಸೇರಿಲ್ಲ, ಆತು. ಎಲ್ಲಾರಿಗೂ ಸೇರಲೇಬೇಕೇನು?" ಎಂದಳು ಪದ್ಮಶ್ರೀ.

"ಎಲ್ಲಾ ಫೋಟೋನೂ ಸೇರೂದಿಲ್ಲ ಅಂದ್ರ? ಇದು ಫೋಟೋದ ಮ್ಯಾಲಿನ ಸಿಟ್ಟಲ್ಲ. ನನ್ನ ಮ್ಯಾಲಿಂದು" ಎಂದ ವಿಜಯಮಹಾಂತೇಶ. ತನ್ನ ಮೇಲೆ ಸಿಟ್ಟಾಗುವಷ್ಟು ಯಾರಾದರೂ ತನ್ನ ಬಗ್ಗೆ ಯೋಚಿಸುತ್ತಾರೆಂಬ ವಿಚಾರ ಅವನಿಗೆ ಒಳಗೊಳಗೆ ಹಿತವಾಗಿಯೇ ಇತ್ತು.

ವೈರಿ ಯಾರೆಂದು ಪತ್ತೆ ಹಚ್ಚಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಬಳಗದಲ್ಲಿ ಯಾರ ಚಿತ್ರಗಳು ಎಲ್ಲರಿಗಿಂತ ಚೆನ್ನಾಗಿವೆಯೋ ಅವನೇ ವೈರಿ. ಅಂದರೆ ಫೈಜಾನ. ಹುನಗುಂದದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮೂವತ್ತರ ಹುಡುಗ. ಅವನಿಗೆ ಕ್ಯಾಮೆರಾ ಇಲ್ಲ, ಜಾಕೀಟಿಲ್ಲ. ಗಿರಾಕಿಗಳು ಬಿಟ್ಟುಹೋದ ಹಳೆಯ ಫೋನೊಂದನ್ನು ಸರಿಮಾಡಿಕೊಂಡು ಅದರಲ್ಲೇ ತೆಗೆಯುತ್ತಿದ್ದ. ಕಲೆಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ?

ಪರೀಕ್ಷೆ ಮಾಡೋಣವೆಂದು ವಿಜಯಮಹಾಂತೇಶ ಫೋನಿಗೆ ಗಾಜು ಹಾಕಿಸುವ ನೆವದಲ್ಲಿ ಅವನ ಅಂಗಡಿಗೇ ಹೋದ. ಫೈಜಾನ ಎದ್ದು ನಿಂತು ಸ್ಟೂಲು ಕೊಟ್ಟ, ಚಹಾ ತರಿಸಿದ. "ಸರ್, ನಿಮ್ಮ ಫೋಟೋ ಎಲ್ಲಾ ನೋಡ್ತೇನ್ರಿ. ಎಲ್ಲಾಕ್ಕೂ ಐದು ಹಾಕೀನ್ರಿ" ಎಂದ. ಕೇಳದೆಯೇ ಹೇಳಿದ್ದು, ಚಹಾ ತರಿಸಿದ್ದು, ಗಾಜಿನ ರೊಕ್ಕ ಬೇಡವೆಂದದ್ದು, ಎಲ್ಲವೂ ತಪ್ಪಿತಸ್ಥನ ಲಕ್ಷಣವೆಂದು ವಿಜಯಮಹಾಂತೇಶನಿಗೆ ಖಾತ್ರಿಯಾಯಿತು. ಅವನು ಚಹಾ ಕುಡಿದು ಎದ್ದು ಬಂದ.

ಆ ಭಾನುವಾರ ಊಟವಾದ ಮೇಲೆ ಮಂಚದ ಮೇಲೆ ಒರಗಿಕೊಂಡು ಫೈಜಾನನ ಅರವತ್ತಮೂರು ಚಿತ್ರಗಳನ್ನು ಒಂದೊಂದಾಗಿ ತೆರೆದ, ಒಂದೊಂದು ಚುಕ್ಕಿ ಒತ್ತಿದ. ಹಿಂದೆಂದೋ ಕೊಟ್ಟಿದ್ದ ಐದನ್ನೂ ಒಂದಕ್ಕೆ ಇಳಿಸಿದ. ಕಾಲೇಜಿನ ಕಡತಗಳಿಗೂ ಅವನು ಇಷ್ಟು ಶ್ರದ್ಧೆ ತೋರಿಸಿದ್ದಿಲ್ಲ. ಒಂದೇ ಒಂದು ಚಿತ್ರದ ಮುಂದೆ ಅವನ ಹೆಬ್ಬೆರಳು ನಿಂತಿತು. ಫೈಜಾನ ತನ್ನ ತಾಯಿ ಜೋಳದ ರೊಟ್ಟಿ ಬಡಿಯುವುದನ್ನು ತೆಗೆದಿದ್ದ. ಮುಖವಿಲ್ಲ, ಬರೀ ಎರಡು ಕೈ, ಹಿಟ್ಟು, ಒಲೆಯ ಬೆಳಕು. ರೊಟ್ಟಿಯ ಸಪ್ಪಳ ಕೇಳಿಸುವಂತಿತ್ತು. ವಿಜಯಮಹಾಂತೇಶ ಎಷ್ಟೇ ಆದರೂ ಎರಡು ವರ್ಷ ಕಣ್ಣಿಗೆ ಕೆಲಸ ಕೊಟ್ಟವನು. ಇದು ಚಲೋ ಚಿತ್ರ, ತನ್ನ ಕೈಯಿಂದ ಇಂಥದ್ದು ಆಗಲಿಕ್ಕಿಲ್ಲ ಎಂದು ಅವನಿಗೆ ತಿಳಿಯಿತು. ತಿಳಿದ ಮೇಲೆಯೇ ಒಂದನ್ನು ಒತ್ತಿದ. ಆ ಚಿತ್ರಕ್ಕೆ ಬಂದಿದ್ದದ್ದು ಐದು ಜನರ ಐದು ಮಾತ್ರ. ಆರನೆಯದಾಗಿ ಇವನ ಒಂದು ಸೇರಿದ್ದೇ ಅದು ಕ್ಯಾಲೆಂಡರಿನಿಂದ ಹೊರಗೆ ಬಿತ್ತು.

ತಿಂಗಳ ಕೊನೆಯ ಶನಿವಾರ ಬಳಗದವರೆಲ್ಲ ಬಾದಾಮಿಯಲ್ಲಿ ಸೇರಿದರು. ಅಂದು ಸಂಜೆ ಐದಕ್ಕೆ ಚುಕ್ಕಿಗಳ ಲೆಕ್ಕ ಮುಚ್ಚುವುದು, ಅಲ್ಲಿಯವರೆಗೆ ಯಾರು ಬೇಕಾದರೂ ಒತ್ತಿದ್ದನ್ನು ತಿದ್ದಬಹುದು ಎಂದು ರಾಚಪ್ಪನವರು ಸಾರಿದ್ದರು. ಮುಂಜಾನೆ ಎಲ್ಲರೂ ಗವಿ ಹತ್ತಿ ಇಳಿದರು. ಮಧ್ಯಾಹ್ನ ಅಗಸ್ತ್ಯ ಹೊಂಡದ ಮೆಟ್ಟಿಲ ಮೇಲೆ, ದಂಡೆಯ ಮರದ ಕೆಳಗೆ ಬುತ್ತಿ ಬಿಚ್ಚಿದರು. ಪದ್ಮಶ್ರೀ ನೀರಿಗೆ ಮುಖ ಮಾಡಿ ಕುಳಿತಿದ್ದಳು, ವಿಜಯಮಹಾಂತೇಶ ಪಕ್ಕದಲ್ಲಿದ್ದ. ನಾಲ್ಕು ಮೆಟ್ಟಿಲು ಕೆಳಗೆ ಫೈಜಾನ ಮಂಗಗಳಿಂದ ತನ್ನ ರೊಟ್ಟಿ ಕಾಯುತ್ತಿದ್ದ.

"ಯವ್ವಾ ತಂಗಿ, ನೀ ಆ ಫೋಟೋದಾಕಿ ಅಲ್ಲ?" ಎಂದು ಹಿಂದಿನಿಂದ ದೊಡ್ಡ ದನಿಯೊಂದು ಬಂತು. "ಬೆನ್ನ ನೋಡಿ ಗುರ್ತ ಹಿಡದೆ."

ಅರವತ್ತು ದಾಟಿದ ಗಟ್ಟಿ ಹೆಂಗಸು. ಹೆಸರು ಗುರುಲಿಂಗವ್ವ, ಊರು ಇಳಕಲ್ಲೇ. ನಲವತ್ತು ವರ್ಷ ಸೀರೆ ನೇಯ್ದು ಈಗ ಕಣ್ಣು ಸೋತು ಮನೆಯಲ್ಲಿದ್ದಳು. ಬೇಸರ ಕಳೆಯಲೆಂದು ಮಗಳು ಫೋನು ಕೊಡಿಸಿ ಈ ಬಳಗದೊಳಗೆ ಸೇರಿಸಿದ್ದಳು. ಅದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಆಕೆ ವಿಜಯಮಹಾಂತೇಶನ ಕಡೆ ತಿರುಗಿದಳು.

"ತಗದಾಂವ ನೀನೇನಪ್ಪಾ? ನಿನ್ನ ಒಂದ ಫೋಟೋನೂ ಬಿಟ್ಟಿಲ್ಲ ನಾ. ಸೆರಗು ಎಷ್ಟ್ ಚಂದ ಕಾಣಸ್ತಾವಪ್ಪಾ! ದಡಿ, ಸೆರಗಿನ್ಯಾಗ ನೇಯ್ದ ಗೋಪುರ, ಎಲ್ಲಾ ಎಣಿಸಾಕ ಬರ್ತಾವ. ಹಿಂದಿನ ಗುಡಿ ಏನೋ ಅಡ್ಡ ಬರ್ತಾವ, ಇರಲಿ. ಎಲ್ಲಾಕ್ಕೂ ಒಂದ ಹಾಕೀನಿ ನೋಡು. ಒಂದ ನಂಬರ!"

ವಿಜಯಮಹಾಂತೇಶನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಒಂದ ಚುಕ್ಕಿ ಹಾಕಾಕಿ ನೀವೇನ್ರಿ?"

"ಮತ್ತ! ನಾ ನೇಯ್ದ ಸೀರಿ ಒಯ್ದರ ಸಾವಕಾರ ಏನಂತಿದ್ದಾ? ಛಲೋ ಇದ್ದರ ಒಂದ ನಂಬರ ಮಾಲು, ಎಳಿ ತಪ್ಪಿದ್ದರ ಎರಡ ನಂಬರ. ಐದ ನಂಬರ ಅಂದ್ರ ನೆಲಾ ಒರಸೂ ಅರಬಿ. ಕೆಲವರು ನಿನಗ ಐದ ಹಾಕ್ಯಾರ, ನೋಡೀನಿ ನಾ. ಹೊಟ್ಟಿಕಿಚ್ಚಿನ ಮಂದಿ. ತಲಿ ಕೆಡಿಸ್ಕೋಬ್ಯಾಡ."

ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಡೀ ಜಿಲ್ಲೆಯಲ್ಲಿ ಅವನ ಚಿತ್ರಗಳನ್ನು ಮೆಸೇಜಿನ ಹಂಗಿಲ್ಲದೆ ಮೆಚ್ಚಿದ ಜೀವ ಇದೊಂದೇ, ಅದೂ ಮೆಚ್ಚಿದ್ದು ಸೆರಗನ್ನು. ಆದರೂ ಗಡಿಯಾರ ನೋಡಿದ. ಮೂರೂಕಾಲು. ಈಗ ಈಕೆ ಒಂದನ್ನು ಐದು ಮಾಡಿದರೆ ಏಳು ಐದು ಮೂವತ್ತೈದು. ಕ್ಯಾಲೆಂಡರು, ಜನವರಿ, ಶಿರೂರಿನ ಮಾವ, ಎಲ್ಲವೂ ಕಣ್ಣ ಮುಂದೆ ಬಂದವು.

"ಅಮ್ಮಾರ, ಇಲ್ಲಿ ಒಂದ ಅಂದ್ರ ಹಂಗಲ್ರಿ. ತೋರಸ್ತೇನಿ, ತಡೀರಿ" ಎಂದು ಆತುರದಲ್ಲಿ ತನ್ನ ಫೋನು ತೆಗೆದು ಬಳಗವನ್ನು ತೆರೆದ. ಅದು ಅವನು ಕಡೆಯ ಸಲ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಯೇ ತೆರೆಯಿತು: ಫೈಜಾನನ ಚಿತ್ರಗಳ ಸಾಲು, ಒಂದೊಂದರ ಕೆಳಗೂ 'ನೀವು ಕೊಟ್ಟದ್ದು' ಎಂದು ಬರೆದು ಹಳದಿ ಬಣ್ಣದ ಒಂದೊಂದು ಚುಕ್ಕಿ. ಅವನು ಮುಚ್ಚುವಷ್ಟರಲ್ಲಿ ಗುರುಲಿಂಗವ್ವ ಫೋನು ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದಿದ್ದಳು.

"ಅಯ್ಯ ನನ್ನಪ್ಪಾ! ನೀನೂ ಒಂದ ಹಾಕೀಯಲ್ಲೋ! ಎಲ್ಲಾಕ್ಕೂ ಹಾಕೀಯಲ್ಲೋ! ಯಾರಿಂದ ಇವು? ಫೈಜಾನ... ಏ ತಮ್ಮಾ, ನೀನ ಏನೋ ಫೈಜಾನ? ಬಾ ಇಲ್ಲಿ. ನೋಡು, ಇಂವ ನಿನಗ ಎಲ್ಲಾಕ್ಕೂ ಒಂದ ನಂಬರ ಕೊಟ್ಟಾನ! ಒಂದಕ್ಕಲ್ಲ ಎರಡಕ್ಕಲ್ಲ, ಅರವತ್ತಕ್ಕ ಕೊಟ್ಟಾನ!"

ಫೈಜಾನ ರೊಟ್ಟಿಯನ್ನು ಮಂಗಗಳಿಗೆ ಬಿಟ್ಟು ಮೇಲೆ ಬಂದ. ಗುರುಲಿಂಗವ್ವ ಒಂದೊಂದೇ ಸರಿಸಿ ತೋರಿಸಿದಳು. ತಾಯಿಯ ಕೈಗಳ ಚಿತ್ರ ಬಂದಾಗ ಅವನು ಬಗ್ಗಿ ನೋಡಿದ.

"ಅಮ್ಮೀ ಫೋಟೋಕ್ಕೂ ಹಾಕೀರೇನ್ರಿ ಸರ್?" ಎಂದ, ಮೆಲ್ಲಗೆ.

"ಅದಕ್ಕ ಹಾಕದ ಬಿಡ್ತಾನೇನೋ? ಎಷ್ಟ್ ಚಂದ ಐತಿ!" ಎಂದಳು ಗುರುಲಿಂಗವ್ವ.

ಪದ್ಮಶ್ರೀ ಫೋನಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಪಾತ್ರೆಯಿಂದ ಹಿಡಿದು ಬಳೆಯವರೆಗೆ ಎಲ್ಲವನ್ನೂ ಆನ್‌ಲೈನಿನಲ್ಲಿ ತರಿಸಿ ಚುಕ್ಕಿ ಒತ್ತುವವಳು ಆಕೆ. ಒಂದು ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಕೆ ಎದ್ದು, ಸೆರಗು ಕೊಡವಿ, ಎರಡು ಮೆಟ್ಟಿಲು ದೂರ ಹೋಗಿ ಕುಳಿತಳು. ಅದೂ ಬೆನ್ನು ತಿರುಗಿಸಿಯೇ.

ಫೈಜಾನ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ವಿಜಯಮಹಾಂತೇಶನಿಗೆ ಒಂದು ದಾರಿಯಾದರೂ ಸಿಗುತ್ತಿತ್ತು, ತಾನೂ ನಾಲ್ಕು ಮಾತು ಏರಿಸಿ ಆಡಬಹುದಿತ್ತು. ಫೈಜಾನ ಮುದುಕಿಯಿಂದ ಫೋನು ತೆಗೆದುಕೊಂಡು ಎರಡೂ ಕೈಯಿಂದ ಅವನಿಗೆ ವಾಪಸು ಕೊಟ್ಟು ಆಕೆಗೆ ಹೇಳಿದ:

"ಹೌದಬೇ ಯವ್ವಾ. ಸರ್ ಮನಸ್ಸೂ ಒಂದ ನಂಬರ."

"ಅದನ್ನ ಹೇಳು!" ಎಂದು ಗುರುಲಿಂಗವ್ವ ಮರದ ಕೆಳಗೆ ಬುತ್ತಿ ಮುಗಿಸುತ್ತಿದ್ದ ರಾಚಪ್ಪನವರಿಗೂ ಬಳಗಕ್ಕೂ ಕೇಳುವಂತೆ ನಕ್ಕಳು. ಅವರೆಲ್ಲ ಇತ್ತ ತಿರುಗಿ ನೋಡಿದರು. ಫೈಜಾನ ಕೆಳಗಿಳಿದು ಹೋದ.

ಆಮೇಲೆ ಮುದುಕಿಗೆ ನೆನಪಾಯಿತು. ತನ್ನ ಫೋನನ್ನು ಸೊಂಟದ ಚೀಲದಿಂದ ತೆಗೆದು ದುರ್ಗದ ಗುಡಿಯ ಚಿತ್ರವನ್ನು ಹುಡುಕಿ ಅವನ ಮುಂದೆ ಹಿಡಿದಳು. "ಅಲ್ಲಪ್ಪಾ, ಒಂದ ಅಂದ್ರ ಹಂಗಲ್ಲ ಅಂದ್ಯಲ್ಲ ಆಗಳೆ? ಏನರ ತಪ್ಪಿದ್ದರ ಹೇಳು. ಐದ ಗಂಟೆತನಕಾ ತಿದ್ದಾಕ ಬರ್ತೈತಂತ. ಈಗ ತಿದ್ತೇನಿ."

ಒಂದು ಮಾತು ಸಾಕಿತ್ತು. ಆದರೆ ಆ ಮಾತು ಹೇಳಿದರೆ ಈ ದೊಡ್ಡ ಬಾಯಿಗೆ ಫೈಜಾನನ ಅರವತ್ತಮೂರು ಚುಕ್ಕಿಗಳ ಅರ್ಥವೂ ತಿಳಿಯುತ್ತಿತ್ತು, ಅದು ಮರದ ಕೆಳಗಿನವರೆಗೂ ಹೋಗುತ್ತಿತ್ತು. ಮುದುಕಿಗೆ ನೋವಾದೀತೆಂದು ಅವನು ಅಂಜಿದನೆಂದು ನಾನು ಬರೆದರೆ ಸುಳ್ಳಾಗುತ್ತದೆ. ಅವನು ಅಂಜಿದ್ದು ತನ್ನ ಮಾನಕ್ಕೆ. ಪದ್ಮಶ್ರೀ ಅಲ್ಲಿಂದಲೇ ತಿರುಗಿ ನೋಡುತ್ತಿದ್ದಳು.

"ತಪ್ಪೇನಿಲ್ರಿ ಅಮ್ಮಾರ," ಎಂದ ವಿಜಯಮಹಾಂತೇಶ. "ನೀವು ಹಾಕಿದ್ದು ಬರೋಬರಿ ಐತಿ. ನನಗ ಒಂದ ಸರಿ."