ಪಕ್ಕದ ಮನೆಯ ಕಾವು

ಹೊಟ್ಟೆಕಿಚ್ಚಿಗೆ ಮನೆ ಕಾಯಿಸುವ ಶಕ್ತಿಯಿದ್ದಿದ್ದರೆ ಆ ಚಳಿಗಾಲ ನನಗೆ ಹೀಟರೇ ಬೇಕಿರಲಿಲ್ಲ.

ಲರ್ವಿಕ್ ಎಂಬ ಚಳಿಯ ದ್ವೀಪದೂರಿನ ನಮ್ಮ ಬೀದಿಯಲ್ಲಿ ಎಲ್ಲರಿಗೂ ಒಂದೇ ತರದ ಹೀಟರು. ಒಳಗೆಲ್ಲ ಇಟ್ಟಿಗೆ. ರಾತ್ರಿಯ ಅಗ್ಗದ ಕರೆಂಟಿನಲ್ಲಿ ಕಾದು, ಹಗಲೆಲ್ಲ ಕಾವು ಬಿಡಬೇಕು. ಅದಕ್ಕೆ ಎರಡು ಗುಂಡಿ: ಎಷ್ಟು ತುಂಬಬೇಕೆಂದು ಕೆಳಗಿನದು, ಎಷ್ಟು ಬಿಡಬೇಕೆಂದು ಮೇಲಿನದು. ನಾನು ಎರಡನ್ನೂ ಪೂರ್ತಿ ತಿರುಗಿಸಿಟ್ಟಿದ್ದೆ. ಚಳಿಗೆ ಜಿಪುಣತನ ಯಾಕೆ? ಬೆಳಿಗ್ಗೆ ಬೆವರು ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಡಬ್ಬ ತಣ್ಣಗಾಗುತ್ತಿತ್ತು.

ಹನ್ನೊಂದು ವರ್ಷದಿಂದ ಗುರುವಾರ ಮೂರು ಗಂಟೆಗೆ ಹೆಣಿಗೆಯ ಹೆಂಗಸರು ನನ್ನ ಮನೆಗೇ ಬರುತ್ತಿದ್ದರು. ಗಂಡ ಹೋದ ಮೇಲೆ ವಾರದಲ್ಲಿ ನನಗೆ ಉಳಿದದ್ದು ಅದೊಂದೇ ದಿನ. ಚಳಿ ಎಂದಿಗಿಂತ ವಿಪರೀತವಾದ ಆ ಜನವರಿಯಲ್ಲಿ ಬಾಬಿ ಉಣ್ಣೆಯ ಚೀಲ ಎತ್ತಿಕೊಂಡು ಎದ್ದೇಬಿಟ್ಟಳು.

"ಬೆರಳು ಮರಗಟ್ಟಿಹೋಯ್ತು ಕಣೇ ಮೈಮಾ. ಪಕ್ಕದ ಓಸ್ಲಾ ಮನೆ ಬೆಚ್ಚಗಿದೆಯಂತೆ. ಬನ್ನಿ ಅಂತ ಕರೆದಿದ್ದಾಳೆ."

"ಹೋಗ್ರೇ, ಯಾರು ಬೇಡ ಅಂದ್ರು!"

ಹೋಗಿಯೇಬಿಟ್ಟರು, ಮಂಡಿನೋವಿನ ಇಂಗಾ ಕೂಡ.

ಓಸ್ಲಾ ಮೀನಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಬಂದ ಒಂಟಿ ಹೆಂಗಸು. ಹನ್ನೆರಡು ವರ್ಷದ ಹಿಂದೆ ಪಕ್ಕಕ್ಕೆ ಬಂದ ವಾರವೇ ನಾನು ಹೆಣೆದ ಸ್ವೆಟರ್ ಮುಟ್ಟಿ ನೋಡಿ, "ಕುತ್ತಿಗೆ ಸ್ವಲ್ಪ ಬಿಗಿಯಾಯ್ತು" ಅಂದಿದ್ದಳು. ಅದು ನನಗೆ ಮರೆತಿಲ್ಲ. ಈಗ ಗೋಡೆಯಾಚೆ ನನ್ನ ಗೆಳತಿಯರು ಕಿಲಕಿಲ ನಗುತ್ತಿದ್ದರೆ ನಾನು ಈಚೆ ಗೋಡೆಗೆ ಕಿವಿಯಿಟ್ಟು ಕೂತೆ. ಹೀಟರ್ ರಿಪೇರಿಯವನಿಗೆ ರೊಟ್ಟಿ ತಿನ್ನಿಸಿ ಹೊಸದನ್ನೇ ಹಾಕಿಸಿಕೊಂಡಿದ್ದಾಳೆ, ಕಳ್ಳಿ!

ಮುಂದಿನ ಗುರುವಾರ ಬೆಳಿಗ್ಗೆ ಎಂಟಕ್ಕೆ, ಹಬ್ಬಕ್ಕೆ ಅವಳು ತಿಂಡಿ ಕಳಿಸಿದ್ದ ತಟ್ಟೆ ವಾಪಸು ಕೊಡುವ ನೆಪದಲ್ಲಿ ಬಾಗಿಲು ಬಡಿದೆ. ಓಸ್ಲಾ ಬಾಗಿಲು ತೆಗೆದಳು. ಮೈಮೇಲೆ ಕೋಟು, ತಲೆಗೆ ಟೋಪಿ, ಕಾಲಿಗೆ ಎರಡೆರಡು ಕಾಲುಚೀಲ. ಒಳಗೆ ಉಸಿರು ಹೊಗೆಯಾಗುವಷ್ಟು ಚಳಿ. ಮೂಲೆಯಲ್ಲಿ ನನ್ನದರಂಥದ್ದೇ ಹಳೇ ಕಂದು ಡಬ್ಬ. ಕೆಳಗಿನ ಗುಂಡಿ ಪೂರ್ತಿ, ಮೇಲಿನದು ಸೊನ್ನೆ.

"ಅಯ್ಯೋ, ಇದೇನು ಮಾರಾಯ್ತಿ? ಈ ಚಳೀಲಿ ಮುಚ್ಚಿಟ್ಕೊಂಡು ಕೂತಿದ್ದೀಯಾ?"

"ಎರಡೂವರೆಗೆ ತೆಗೀತೀನಿ. ಅವರು ಬರೋ ಹೊತ್ತಿಗೆ ಬೆಚ್ಚಗಿರ್ಬೇಕಲ್ಲ. ನನ್ನೊಬ್ಬಳಿಗೆ ಯಾಕೆ ಕಾವು?"

"ಅವರಿಗೋಸ್ಕರ ಇಷ್ಟೊಂದಾ?"

ಅವಳು ತಟ್ಟೆಯನ್ನು ಕೋಟಿನ ತುದಿಯಲ್ಲಿ ಒರೆಸಿದಳು. "ನೀವು ಮಾತುಗಾರ್ತಿ, ನಿಮ್ಮ ಹತ್ರ ಹಾಗೇ ಬರ್ತಾರೆ. ನನ್ನ ಹತ್ರ ಏನಿದೆ? ಹನ್ನೊಂದು ವರ್ಷ ನಿಮ್ಮನೆ ನಗು ಈ ಗೋಡೇಲಿ ಕೇಳಿದೀನಿ ಮೈಮಾ. ಒಂದು ಗುರುವಾರನಾದ್ರೂ ಕರೀಲಿಲ್ವಲ್ಲ ಅಂತ ಹೊಟ್ಟೆ ಉರೀತಿತ್ತು."

ಮನೆಗೆ ಬಂದು ಮೇಲಿನ ಗುಂಡಿ ಮುಚ್ಚಿ ಕೋಟು ಹಾಕಿಕೊಂಡು ಕೂತೆ. ಎರಡೂವರೆಗೆ ತೆಗೆದೆ. ರೊಟ್ಟಿಯ ಒಲೆ ತೆಗೆದಂತೆ ಬಿಸಿ ಮುಖಕ್ಕೆ ರಾಚಿತು.

ಮೂರಕ್ಕೆ ಹೊರಗೆ ಬಾಬಿಯ ದನಿ. "ಏನೇ ಮೈಮಾ, ಹೀಟರ್ ಸರಿಹೋಯ್ತಾ? ನಿನ್ನ ಮನೆಗೇ ಬರೋಣ್ವಾ?"

"ಎಲ್ಲಿ ಸರಿಹೋಗುತ್ತೆ ಆ ಹಾಳು ಡಬ್ಬ!" ಅಂದು, ಬಾಗಿಲು ಬೇಗ ಎಳೆದುಕೊಂಡು ಅವರೊಂದಿಗೆ ಓಸ್ಲಾಳ ಮನೆಗೆ ನಡೆದೆ.

ಅವಳ ರೊಟ್ಟಿ ನನ್ನದಕ್ಕಿಂತ ಮೆತ್ತಗಿತ್ತು. ಸಂಕಟ ತಡೆಯಲಾರದೆ ಮೂರು ತಿಂದೆ.